ಬಂಪರಿನ ಮೇಲಿನ ಮೂರು ಗೆರೆ

ಗಂಗಾನಗರದ ಆಸುಪಾಸಿನಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ದಸ್ತಗೀರ್ ಭಾಯ್ ಯಾರು ಅಂತ ಹೇಳಬೇಕಾಗಿರಲಿಲ್ಲ. ಹೊಸ ಗಾಡಿಯವರಿಗೆ ಹೇಳಿಯೂ ಉಪಯೋಗವಿರಲಿಲ್ಲ. ಅವರ ಗಾಡಿಯಲ್ಲಿ ಉಜ್ಜುವಂಥದ್ದು ಏನಿದೆ ಮಣ್ಣು? ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿ ಹೊಳಪು ಹತ್ತಿಸಿ ಕ್ರೋಮ್ ಅಂತ ಕರೆಯುವ ಕಾಲ ಬಂದಿತ್ತು. ದಸ್ತಗೀರ್ ಅಂಥದ್ದಕ್ಕೆ ಕ್ರೋಮ್ ಅನ್ನುತ್ತಿರಲಿಲ್ಲ, ಡಬ್ಬಾ ಅನ್ನುತ್ತಿದ್ದ. ಅವನ ಲೆಕ್ಕದಲ್ಲಿ ಕ್ರೋಮ್ ಎಂದರೆ ಅಂಬಾಸಡರಿನ ಬಂಪರು, ಫಿಯೆಟ್ಟಿನ ಮುಂದಿನ ಜಾಲರಿ, ಹಳೇ ಬುಲೆಟ್ಟಿನ ಹೆಡ್‌ಲೈಟಿನ ಬಳೆ. ಬೆರಳಲ್ಲಿ ತಟ್ಟಿದರೆ ಟಣ್ ಅನ್ನಬೇಕು, ಆಗ ಅದು ಕ್ರೋಮ್.

ಸಿ.ಬಿ.ಐ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಹೊಂಗೆ ಮರ, ಅದರ ಬುಡಕ್ಕೆ ಒರಗಿಕೊಂಡ ತಗಡಿನ ಶೆಡ್ಡು. ಅಲ್ಲೊಂದು ಹೊಳಪು ಉಜ್ಜುವ ಬಫಿಂಗ್ ಮೋಟಾರು, ಬಟ್ಟೆಯ ಚಕ್ರಗಳು, ಚಕ್ರಕ್ಕೆ ಹಚ್ಚುವ ಹಸಿರು ಸೋಪಿನ ಗಟ್ಟಿಗಳು, ಹಳೇ ಬನಿಯನ್ನಿನ ಮೂಟೆ. ಇಷ್ಟೇ ಅವನ ಬಂಡವಾಳ. ಹುಡುಗನಾಗಿದ್ದಾಗ ಶಿವಾಜಿನಗರದಲ್ಲಿ ಕಬ್ಬಿಣಕ್ಕೆ ಕ್ರೋಮ್ ಹಿಡಿಸುವ ಪ್ಲೇಟಿಂಗ್ ಅಂಗಡಿಯೊಂದರಲ್ಲಿ ಮಜೀದ್ ಉಸ್ತಾದರ ಕೈಕೆಳಗೆ ಕಲಿತಿದ್ದ. ಆ ಉಸ್ತಾದರು ಬಾಯಿ ಬಿಡುವವರಲ್ಲ. ಬಿಟ್ಟಾಗ ಹೇಳುತ್ತಿದ್ದದ್ದು ಒಂದೇ: ಗಾಡಿ ಅವರದು, ಕೊಳೆಯೂ ಅವರದೇ, ಕೇಳಿ ಉಜ್ಜು. ಕೆಲಸ ಪೂರಾ ಕಲಿತ ದಸ್ತಗೀರ್ ಈ ಮಾತನ್ನು ಮಾತ್ರ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದ. ಕೊಳೆಯನ್ನು ಯಾರು ತಾನೇ ಬೇಕು ಅಂತಾರೆ ಅನ್ನುವುದು ಅವನ ವಾದ.

ಕೈ ಒಳ್ಳೆಯದಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈ ಒಳ್ಳೆಯದಿರುವವರಿಗೆ ಬರುವ ರೋಗ ಅವನಿಗೂ ಬಂದಿತ್ತು, ಹೊಗಳಿಕೆಯ ರೋಗ. ಕೆಲಸ ಮುಗಿದ ಮೇಲೆ ಗಿರಾಕಿಯ ಎದುರಿಗೇ ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಜೇಬಿನಿಂದ ಬಾಚಣಿಗೆ ತೆಗೆದು, ಅದರಲ್ಲಿ ನೋಡಿಕೊಂಡು ಗಡ್ಡ ಬಾಚಿಕೊಳ್ಳುತ್ತಿದ್ದ. ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಂಡರೆ ಕೆಲಸ ಆಯಿತು ಅಂತ. ಗಿರಾಕಿ 'ವ್ಹಾ ಭಾಯ್' ಅನ್ನುವ ತನಕ ಏಳುತ್ತಿರಲಿಲ್ಲ. ಕೆಲವರು ಬೇಗ ಅನ್ನುತ್ತಿರಲಿಲ್ಲ, ಆಗ ಗಡ್ಡವನ್ನು ಎರಡನೇ ಸಲ ಬಾಚುತ್ತಿದ್ದ. ಅವನ ಹೆಂಡತಿ ಜೈಬುನ್ನೀಸಾ, ಗಿರಾಕಿಗಳು ಜಿಪುಣರಾದರೆ ನಿಮ್ಮ ಗಡ್ಡದಲ್ಲಿ ಒಂದು ಕೂದಲೂ ಉಳಿಯಲ್ಲ ಅಂತ ಮನೆಯಲ್ಲಿ ನಗುತ್ತಿದ್ದಳು.

ವರ್ಷಪೂರ್ತಿ ತಣ್ಣಗಿರುವ ಶೆಡ್ಡಿಗೆ ಜೀವ ಬರುತ್ತಿದ್ದದ್ದು ಆಯುಧಪೂಜೆಯ ವಾರದಲ್ಲಿ. ಆಟೋದವರು, ಟೆಂಪೋದವರು, ಹಳೇ ಕಾರಿನ ಹುಚ್ಚಿನವರು, ಎಲ್ಲರಿಗೂ ಹಬ್ಬದ ಬೆಳಿಗ್ಗೆಗೆ ಗಾಡಿ ಮಿರಮಿರ ಮಿಂಚಬೇಕು. ಮಿಂಚಿಸಿಕೊಂಡು ಹೋಗಿ ಅದೇ ಬಂಪರಿಗೆ ವಿಭೂತಿ, ಗಂಧ, ಅರಿಶಿನ, ಕುಂಕುಮ ಎಲ್ಲ ಕಲಸಿ ಬಳಿಯುತ್ತಿದ್ದರು. ಪೂಜೆಯ ಗುರುತನ್ನು ಕೈಯಾರೆ ಒರೆಸಬಾರದು, ತಾನಾಗಿ ಹೋಗಬೇಕು ಅಂತ ವಾಡಿಕೆ. ಹೋಗುವಷ್ಟರಲ್ಲಿ ಅದು ಕ್ರೋಮನ್ನು ತಿಂದಿರುತ್ತಿತ್ತು. ಮುಂದಿನ ವರ್ಷ ಮತ್ತೆ ದಸ್ತಗೀರನ ಹತ್ತಿರ ಬರುತ್ತಿದ್ದರು. ನಿಮ್ಮ ಹಬ್ಬವೇ ನನ್ನ ರೋಟಿ ಅಂತ ಅವನು ತಮಾಷೆ ಮಾಡುತ್ತಿದ್ದ. ಆ ಬೂದಿ ಕಲೆಗಳ ವಿಷಯದಲ್ಲಿ ಇಡೀ ಊರಿಗೆ ತಾನೊಬ್ಬನೇ ಡಾಕ್ಟರು ಅಂತ ಅವನ ಎಣಿಕೆ.

ಎರಡು ಸಾವಿರದ ಹನ್ನೊಂದರ ಹಬ್ಬಕ್ಕೆ ಮುಂಚೆ ಎದುರುಗಡೆಯೇ ಗಾಡಿ ತೊಳೆಯುವ ಒಂದು ವಾಟರ್ ಸರ್ವಿಸ್ ಶುರುವಾಯಿತು. ಅದರ ಮಾಲೀಕ ಮುನಿರತ್ನ, ಅಲ್ಲಿಯದೇ ಹಳೇ ಮನೆತನದವನು, ಮೂವತ್ತರ ಆಸುಪಾಸು. ನೊರೆ ಚಿಮ್ಮುವ ಮಿಷನ್ನು, ನೀಲಿ ಬಣ್ಣದ ಬೋರ್ಡು, ಕಾಯುವವರಿಗೆ ಕುರ್ಚಿ. ಮನುಷ್ಯ ಕೆಟ್ಟವನಲ್ಲ. ನಾಲಿಗೆಗೆ ಮಾತ್ರ ಬ್ರೇಕ್ ಇರಲಿಲ್ಲ. ದಿನಕ್ಕೊಂದು ಸಲ ರಸ್ತೆ ದಾಟಿ ಬಂದು ದಸ್ತಗೀರನ ಕೆಲಸ ನೋಡಿ, ಇನ್ನೂ ಕೈಯಲ್ಲೇ ಉಜ್ತಿದ್ದೀಯಲ್ಲ ಭಾಯ್ ಅಂತ ಕೆಣಕಿ ಹೋಗುತ್ತಿದ್ದ. ದಸ್ತಗೀರ್ ನಗುತ್ತಿದ್ದ. ಒಳಗೊಳಗೆ ಚುಚ್ಚುತ್ತಿತ್ತು.

ಹಬ್ಬಕ್ಕೆ ಮೂರು ದಿನ ಇರುವಾಗ ಬಂದದ್ದು ಆ ಕೆನೆ ಬಣ್ಣದ ಫಿಯೆಟ್. ಅಟ್ಟೂರಿನಿಂದ. ಓಡಿಸುತ್ತಿದ್ದವನು ಸುರೇಶ್, ಪಕ್ಕದಲ್ಲಿ ಕೂತಿದ್ದವಳು ಅವನ ಅಕ್ಕ ಕಲಾವತಿ. ಐವತ್ತು ದಾಟಿದ ಹೆಂಗಸು, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಗಾಡಿ ಅವಳ ಗಂಡ ವೀರಬಸಪ್ಪನವರದು. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿದ್ದವರು, ಈ ಗಾಡಿಗೆ ಬೇರೆಯವರ ಕೈ ತಾಗಲು ಬಿಟ್ಟವರಲ್ಲ. ಅವರು ತೀರಿಹೋಗಿ ಒಂದು ವರ್ಷದ ಮೇಲಾಗಿತ್ತು. ವರ್ಷದ ಕಾರ್ಯ ಮುಗಿಯುವ ತನಕ ಹಬ್ಬ ಇಲ್ಲವೆಂದು ಗಾಡಿ ಹೊದಿಕೆಯೊಳಗೇ ನಿಂತಿತ್ತಂತೆ. ಈ ಸಲ ಪೂಜೆ ಮಾಡಿಸಬೇಕು ಅಂತ ಹೊರಗೆ ತೆಗೆದಿದ್ದರು. ಇದನ್ನೆಲ್ಲ ಹೇಳಿದವನು ಸುರೇಶ್. ಕಲಾವತಿ ಮಾತಾಡಿದ್ದು ಕಡಿಮೆ. ಹೊರಡುವಾಗ ಮಾತ್ರ ಮುಂದಿನ ಬಂಪರಿನ ಹತ್ತಿರ ನಿಂತು, ನಡುಮಧ್ಯದಲ್ಲಿದ್ದ ಮಾಸಲು ಗೆರೆಗಳನ್ನು ತೋರಿಸಿದಳು.

"ಎಲ್ಲಾ ಕಡೆ ಉಜ್ಜಿ ಭಾಯ್. ಇದೊಂದನ್ನ ಮಾತ್ರ ಮುಟ್ಬೇಡಿ."

ದಸ್ತಗೀರ್ ಆಗಲಿ ಅಮ್ಮ ಅಂದ. ಯಾಕೆ ಅಂತ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಪರಪುರುಷನ ಎದುರಿಗೆ, ಅದೂ ನಡುರಸ್ತೆಯಲ್ಲಿ, ಹೇಳುವಂಥ ಮಾತಾಗಿರಲಿಲ್ಲ ಅದು.

ಎರಡು ದಿನ ಕೆಲಸ ಮಾಡಿದ. ಒಳ್ಳೇ ಹಳೇ ಕಾಲದ ಕ್ರೋಮ್. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿದರೆ ತುಕ್ಕಿನ ಚುಕ್ಕೆಗಳು ಗೀರು ಬೀಳದೆ ಎದ್ದು ಬರುತ್ತವೆ. ಹಾಗೆ ಉಜ್ಜಿ, ಸೋಪು ಹಿಡಿಸಿ, ಬನಿಯನ್ ಬಟ್ಟೆಯಲ್ಲಿ ಒರೆಸಿದ. ಜಾಲರಿ ಬೆಳಗಿತು, ಹೆಡ್‌ಲೈಟಿನ ಬಳೆಗಳು ಬೆಳಗಿದವು, ಬಂಪರು ಈ ತುದಿಯಿಂದ ಆ ತುದಿಗೆ ಬೆಳಗಿತು. ಮಧ್ಯದಲ್ಲಿ ಮಾತ್ರ ಆ ಮೂರು ಗೆರೆ ಉಳಿದವು. ಒಂದರ ಕೆಳಗೊಂದು, ಬೆರಳಗಲ, ಬೂದು ಬಣ್ಣ, ಸ್ವಲ್ಪ ವಾರೆ. ಸುತ್ತ ಬೆಳಗಿದ್ದರಿಂದ ಅವು ಮೊದಲಿಗಿಂತ ಹೆಚ್ಚಾಗಿಯೇ ಕಣ್ಣಿಗೆ ಹೊಡೆಯುತ್ತಿದ್ದವು. ಬೂದಿ ಕಲೆ ಅಂತ ಅವನಿಗೆ ಕಂಡ ಕೂಡಲೇ ಗೊತ್ತಾಗಿತ್ತು. ಯಾಕೆ ಬೇಡ ಅಂದಳು ಅನ್ನುವುದಕ್ಕೂ ಒಂದು ಕಾರಣ ತಾನೇ ಹುಟ್ಟಿಸಿಕೊಂಡ. ಉಜ್ಜಿದರೆ ಪ್ಲೇಟಿಂಗ್ ಕಿತ್ತುಬರುತ್ತೆ ಅಂತ ಹೆದರಿಕೊಂಡಿದ್ದಾಳೆ ಪಾಪ ಅಂದುಕೊಂಡ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮುನಿರತ್ನ ರಸ್ತೆ ದಾಟಿ ಬಂದ. ಸೊಂಟದ ಮೇಲೆ ಕೈಯಿಟ್ಟು ಫಿಯೆಟ್ಟನ್ನು ನೋಡಿದ. ಬಾಯಲ್ಲಿ ವ್ಹಾ ಬರುವುದರಲ್ಲಿತ್ತು, ಅಷ್ಟರಲ್ಲಿ ಕಣ್ಣು ಗೆರೆಗಳ ಮೇಲೆ ಹೋಯಿತು.

"ಏನ್ ಭಾಯ್, ಕಲೆ ಹಂಗೇ ಬಿಟ್ಟಿದ್ದೀಯ? ಕೈ ಸೋತೋಯ್ತಾ?"

ಅಷ್ಟೇ. ಅಷ್ಟೇ ಸಾಕಾಯಿತು. ಅವನು ಆ ಕಡೆ ಹೋದದ್ದೇ ದಸ್ತಗೀರ್ ಬೆಳ್ಳಿ ಕಾಗದ ಕೈಗೆ ತೆಗೆದುಕೊಂಡ. ಹಗುರವಾಗಿ, ಬಲು ಹಗುರವಾಗಿ ಉಜ್ಜಿದ. ಇರಲಾರದವನು ಇರುವೆ ಬಿಟ್ಟುಕೊಂಡ ಅಂತಾರಲ್ಲ, ಹಾಗೆ. ಆದರೆ ಆಗ ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಆ ಹೆಂಗಸಿನ ಮುಖ ಅರಳುತ್ತದೆ, ಹೋಗಲ್ಲ ಅಂದುಕೊಂಡಿದ್ದೆ ಭಾಯ್ ಅನ್ನುತ್ತಾಳೆ, ಅಂತ ಕಣ್ಮುಂದೆ ತಂದುಕೊಂಡೇ ಉಜ್ಜಿದ. ಕಲೆ ಮೊಂಡುತನ ಮಾಡಿತು, ಎಷ್ಟೋ ವರ್ಷದ್ದು. ಇವನೂ ಬಿಡಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮೂರೂ ಹೋಗಿದ್ದವು. ಕುಕ್ಕರುಗಾಲಲ್ಲಿ ಕೂತು ಬಾಚಣಿಗೆ ತೆಗೆದ.

ಗಡ್ಡ ಬಾಚುತ್ತಿರುವಾಗಲೇ ಬಂಪರಿನಲ್ಲಿ ಹಿಂದೆ ಇನ್ನೊಂದು ಮುಖ ಕಂಡಿತು. ಸುರೇಶ್. ಕೆಲಸ ಎಲ್ಲಿಗೆ ಬಂತು ಅಂತ ನೋಡಿ ಹೋಗೋಣವೆಂದು ಬಂದವನು. ವ್ಹಾ ಅನ್ನಲಿಲ್ಲ. ಬಗ್ಗಿ ಬಂಪರಿನ ಮಧ್ಯವನ್ನು ಕೈಯಿಂದ ಸವರಿದ, ಕಣ್ಣಿಗೆ ಕಾಣದ್ದು ಕೈಗಾದರೂ ಸಿಕ್ಕೀತೇನೋ ಅನ್ನುವವನ ಥರ.

"ಅಯ್ಯೋ ಭಾಯ್, ಅದು ನಮ್ ಭಾವನ ಕೈ."

ಆಮೇಲೆ ಅವನು ಹೇಳಿದ್ದು ಇಷ್ಟು. ವೀರಬಸಪ್ಪನವರು ಗಾಡಿ ತಂದ ವರ್ಷದಿಂದಲೂ ಆಯುಧಪೂಜೆಗೆ ವಿಭೂತಿ ನೆನೆಸಿ, ಮೂರು ಬೆರಳಿಂದ, ಅದೇ ಜಾಗದಲ್ಲಿ ಎಳೆಯುತ್ತಿದ್ದರು. ಹೋದ ವರ್ಷದ ಗೆರೆಯ ಮೇಲೇ ಈ ವರ್ಷದ ಗೆರೆ. ಒರೆಸುತ್ತಿರಲಿಲ್ಲ. ಬರಬರುತ್ತಾ ಅದು ಕ್ರೋಮಿಗೇ ಇಳಿದುಬಿಟ್ಟಿತ್ತು. ಅವರು ಹೋದ ಮೇಲೆ ಫೋಟೋಗಳಿದ್ದವು, ಬಟ್ಟೆಬರೆ ಇದ್ದವು, ಅಕ್ಕ ಅದ್ಯಾವುದನ್ನೂ ಅಷ್ಟಾಗಿ ನೋಡುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಒಳಗೆ ಹೋಗುವ ಮುಂಚೆ ಗಾಡಿಯ ಹೊದಿಕೆ ಎತ್ತಿ ಆ ಗೆರೆಗಳ ಮೇಲೆ ತನ್ನ ಮೂರು ಬೆರಳು ಇಟ್ಟು ಹೋಗುತ್ತಿದ್ದಳು. ದಿನಾ. ಯಾರೂ ನೋಡಿಲ್ಲ ಅಂದುಕೊಂಡಿದ್ದಾಳೆ, ನಾನು ನೋಡಿದ್ದೀನಿ ಅಂದ ಸುರೇಶ್.

ದಸ್ತಗೀರ್ ಬಾಚಣಿಗೆ ಹಿಡಿದುಕೊಂಡೇ ಕೂತಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನುವ ಮಾತು ಅವನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದ. ಅದು ಬರೀ ಮಾತಲ್ಲ ಅಂತ ಆಗ ತಿಳಿಯಿತು. ಮುಟ್ಟಬೇಡಿ ಅಂದಿದ್ದಳು. ಕಿವಿ ಕೇಳಿಸಿಕೊಂಡಿತ್ತು, ಬಾಯಿ ಆಗಲಿ ಅಂದಿತ್ತು. ತಪ್ಪಿಸಿಕೊಳ್ಳಲು ಒಂದು ಸಂದಿಯೂ ಇರಲಿಲ್ಲ. ಸುರೇಶ್ ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ನಾಳೆ ಬೆಳಿಗ್ಗೆ ಅಕ್ಕನೇ ಬರ್ತಾಳೆ, ನೀವೇ ಹೇಳಿ, ನನ್ನ ಕೈಲಿ ಆಗಲ್ಲ ಅಂದು ಹೊರಟುಹೋದ.

ನಾಳೆ ಬೆಳಿಗ್ಗೆ. ಆ ಹೆಂಗಸು ಬಂದು, ಬಗ್ಗಿ, ಮೂರು ಬೆರಳು ಚಾಚಿ, ಅಲ್ಲಿ ತನ್ನ ಮುಖವನ್ನೇ ಕಾಣುತ್ತಾಳೆ. ಎದುರಿಗೆ ನಿಂತು ಹೇಳುವ ಧೈರ್ಯ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಧೈರ್ಯದ ಬದಲು ದಸ್ತಗೀರನಿಗೆ ಬಂದದ್ದು ಉಪಾಯ.

ಶೆಡ್ಡಿನ ಮೂಲೆಯಲ್ಲಿ ಬಾತ್‌ರೂಮ್ ತೊಳೆಯುವ ಆಸಿಡ್ಡಿನ ಬಾಟಲಿ ಇತ್ತು. ಹಳೇ ಪ್ಲೇಟಿಂಗ್ ಕೀಳಲು ಇಟ್ಟುಕೊಂಡದ್ದು. ಕ್ರೋಮಿನ ಮೇಲೆ ಅದು ಬಿದ್ದರೆ ಹೊಳಪು ಸತ್ತು ಬೂದು ಬಣ್ಣಕ್ಕೆ ತಿರುಗುತ್ತದೆ. ಮೊದಲು ಒಂದು ಹಳೇ ವೀಲ್ ಕಪ್ಪಿನ ಮೇಲೆ ಕಡ್ಡಿಗೆ ಹತ್ತಿ ಸುತ್ತಿ ಎಳೆದು ನೋಡಿದ. ಗೆರೆ ಬಂತು, ಆದರೆ ಬ್ರಷ್ಷಿನಲ್ಲಿ ಬರೆದ ಗೆರೆ. ಬಟ್ಟೆ ಸುತ್ತಿಕೊಂಡು ನೋಡಿದ. ಹರಡಿಕೊಂಡಿತು. ಬೆರಳಿನ ಗೆರೆ ಬೆರಳಿಂದಲೇ ಬರಬೇಕು. ಶೆಡ್ಡಿನ ಪರದೆ ಎಳೆದು, ಬಲಗೈಯ ಮೂರು ಬೆರಳನ್ನು ಆಸಿಡ್ಡಿನಲ್ಲಿ ಅದ್ದಿ ಬಂಪರಿನ ಮೇಲೆ ಎಳೆದ. ಒಂದು ಸಲಕ್ಕೆ ಹಿಡಿಯಲಿಲ್ಲ. ಮತ್ತೆ ಅದ್ದಿದ, ಮತ್ತೆ ಎಳೆದ. ಉರಿ ಮೊಣಕೈ ತನಕ ಏರಿತು. ಉರಿಯಲಿ ಅಂದುಕೊಂಡ. ಉರಿದಷ್ಟೂ ಒಂಚೂರು ಸಮಾಧಾನ ಆಗುತ್ತಿತ್ತು, ಅದೇ ಶಿಕ್ಷೆ ಅನ್ನುವ ಹಾಗೆ. ನೀರು ಹಾಕಿ ತೊಳೆದು ನೋಡಿದರೆ ಮೂರು ಗೆರೆ ಇದ್ದವು. ಒಂದರ ಕೆಳಗೊಂದು, ಬೆರಳಗಲ, ಬೂದು ಬಣ್ಣ.

ಮನೆಯಲ್ಲಿ ಊಟಕ್ಕೆ ಕೂತಾಗ ಚಮಚ ಕೇಳಿದ. ಜೈಬುನ್ನೀಸಾ ಸಾರಿನ ಪಾತ್ರೆ ಹಿಡಿದು ಹಾಗೇ ನಿಂತಳು. ಚಮಚದಲ್ಲಿ ಉಣ್ಣುವುದು ಆಸ್ಪತ್ರೆಯಲ್ಲಿ ಮಲಗಿದವರು ಅಂತ ಮದುವೆಯಾದಾಗಿನಿಂದ ಹೇಳಿಕೊಂಡು ಬಂದ ಗಂಡಸು ಇವನು. ಕೈ ಹಿಡಿದು ನೋಡಿದಳು. ಮೂರು ಬೆರಳ ತುದಿಯೂ ಬೆಳ್ಳಗೆ ಬೆಂದು ಚರ್ಮ ಏಳುತ್ತಿತ್ತು. ಸೈಲೆನ್ಸರ್ ತಾಗಿತು ಅಂದ. ಸೈಲೆನ್ಸರ್‌ಗೆ ನಿಮ್ಮ ಹೆಬ್ಬೆರಳು, ಕಿರುಬೆರಳು ಕಂಡರೆ ಭಯವಾ ಅಂತ ಕೇಳಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ದಸ್ತಗೀರ್ ತಟ್ಟೆ ನೋಡಿಕೊಂಡೇ ಎಲ್ಲಾ ಹೇಳಿದ.

ಅವಳು ದಖನಿ ಉರ್ದುವಿನಲ್ಲಿ ಹೇಳಿದ ಮಾತನ್ನು ಕನ್ನಡಕ್ಕೆ ತಂದರೆ ಹೀಗೆ: ಉಜ್ಜಿದ್ದು ತಪ್ಪು, ಮನುಷ್ಯರು ತಪ್ಪು ಮಾಡ್ತಾರೆ. ಆ ಹೆಂಗಸಿನ ಗಂಡನ ಜಾಗದಲ್ಲಿ ನಿಮ್ಮ ಕೈ ಇಟ್ಟು ಬಂದಿದ್ದೀರಲ್ಲ, ಅದಕ್ಕೆ ಏನಂತಾರೆ? ನಾಳೆಯಿಂದ ಅವಳು ದಿನಾ ಬೆಳಿಗ್ಗೆ ಅದರ ಮೇಲೆ ಬೆರಳಿಡ್ತಾಳೆ. ಅದನ್ನ ಯೋಚನೆ ಮಾಡಿದ್ರಾ?

ದಸ್ತಗೀರ್ ಅದನ್ನು ಯೋಚನೆ ಮಾಡಿರಲಿಲ್ಲ. ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಚಮಚ ಕೆಳಗಿಟ್ಟ. ಅವಳು ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿ, ನಾಳೆ ಆಕೆ ಗಾಡಿ ನೋಡುವ ಮುಂಚೆ ಹೇಳಿಬಿಡಿ ಅಂದಳು. ಹೇಳ್ತೀನಿ ಅಂದ. ಮನಸ್ಸಿನಿಂದಲೇ ಅಂದ.

ಹಬ್ಬದ ಬೆಳಿಗ್ಗೆ ರಸ್ತೆಯೆಲ್ಲ ಚೆಂಡುಹೂವು. ಮುನಿರತ್ನನ ಅಂಗಡಿಯ ಮುಂದೆ ಬೂದುಗುಂಬಳಕಾಯಿ ಒಡೆದು ಕೆಂಪಗೆ ಬಿದ್ದಿತ್ತು. ಕಲಾವತಿ ತಮ್ಮನ ಜೊತೆ ಆಟೋದಲ್ಲಿ ಬಂದಿಳಿದಳು. ಕೈಯಲ್ಲೊಂದು ಬುಟ್ಟಿ. ದಸ್ತಗೀರ್ ಎದುರಿಗೆ ಹೋದ. ಅಮ್ಮ ಅಂದ. ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತುಗಳು ಎಲ್ಲಿ ಹೋದವೋ. ಹಬ್ಬದ ಶುಭಾಶಯ ಅಂದುಬಿಟ್ಟ. ಸುರೇಶ್ ಅವನ ಮುಖ ನೋಡಿದ. ಹೇಳಲಿ ಅಂತ ಒಂದು ಗಳಿಗೆ ಕಾದ. ಅಷ್ಟರಲ್ಲಿ ಆಕೆ ಗಾಡಿಯ ಮುಂದಕ್ಕೆ ಹೋಗಿಯಾಗಿತ್ತು.

ಬುಟ್ಟಿ ಕೆಳಗಿಟ್ಟು ಬಗ್ಗಿದಳು. ಮೂರು ಬೆರಳು ಗೆರೆಗಳ ಮೇಲೆ ಇಟ್ಟಳು. ಇಟ್ಟ ಕೈ ಅಲ್ಲೇ ಇತ್ತು, ಬಹಳ ಹೊತ್ತು. ಸುರೇಶನ ಬಾಯಿ ಅರ್ಧ ತೆರೆದುಕೊಂಡಿತ್ತು. ನಿನ್ನೆ ತಾನೇ ಸವರಿದ ಬಂಪರಿನ ಮೇಲೆ ಗೆರೆ ಹೇಗೆ ಬಂತು ಅಂತ ಅವನಿಗೆ ಹೊಳೆಯಲಿಲ್ಲ. ಕಲಾವತಿ ಎದ್ದು ಬುಟ್ಟಿಗೆ ಕೈಹಾಕಿದಳು. ದಸ್ತಗೀರ್ ಆಗ ಬಚಾವಾದೆ ಅಂದುಕೊಂಡ. ಎದೆಯಿಂದ ಉಸಿರು ಸಲೀಸಾಗಿ ಹೊರಗೆ ಬಂತು. ಮುಂದೆ ಎಷ್ಟೋ ವರ್ಷ ಅವನನ್ನು ಕುಟುಕಿದ್ದು ಉಜ್ಜಿದ್ದೂ ಅಲ್ಲ, ಆಸಿಡ್ಡೂ ಅಲ್ಲ. ಆಗ ಹಾಗಂದುಕೊಂಡನಲ್ಲ, ಅದು.

"ತಗೊಳ್ಳಿ ಭಾಯ್, ಹಬ್ಬ," ಅಂತ ಆಕೆ ಕಾಗದದ ಪೊಟ್ಟಣ ನೀಡಿದಳು. ಕಡ್ಲೆಪುರಿ, ಬಾಳೆಹಣ್ಣು.

ದಸ್ತಗೀರ್ ಎಡಗೈ ಚಾಚಿದ. ಬಲಗೈ ಬೆನ್ನ ಹಿಂದಿತ್ತು. ಚಾಚಿದ ಮೇಲೆ ಅವನಿಗೇ ಛೇ ಅನ್ನಿಸಿತು. ಪೂಜೆಯದನ್ನು ಎಡಗೈಯಲ್ಲಿ ಇಸ್ಕೊಳ್ಳುವಷ್ಟು ಕೆಟ್ಟು ಹೋದೆನೇ ನಾನು? ಇಷ್ಟು ವರ್ಷ ಈ ಜನರ ಹಬ್ಬದ ಅನ್ನ ಉಂಡವನು? ಎಡಗೈ ಹಿಂದಕ್ಕೆ ತೆಗೆದುಕೊಂಡು ಬಲಗೈ ಮುಂದಿಟ್ಟ. ಬೆಳಗಿನ ಬಿಸಿಲಲ್ಲಿ ಮೂರು ಬೆರಳೂ ಕಂಡವು.

ಕಲಾವತಿ ಬೆರಳು ನೋಡಿದಳು. ಬಂಪರು ನೋಡಿದಳು. ಪೊಟ್ಟಣವನ್ನು ಅವನ ಅಂಗೈಯಲ್ಲಿ, ಬೆರಳಿಗೆ ತಾಗದ ಹಾಗೆ ಇಟ್ಟಳು.

"ಉರೀತಿದೆಯಾ ಭಾಯ್?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ದಸ್ತಗೀರನ ಕಣ್ಣಲ್ಲಿ ನೀರು ಬಂತು, ಐವತ್ತೈದರ ಗಂಡಸು, ಎದುರುಗಡೆಯಿಂದ ಮುನಿರತ್ನ ನೋಡುತ್ತಿದ್ದಾನೆ ಅನ್ನುವುದೂ ನೆನಪಿರಲಿಲ್ಲ.

"ತಪ್ಪಾಯ್ತಮ್ಮ. ಅಳಿಸಿದ್ದೂ ನಾನೇ, ಎಳೆದಿದ್ದೂ ನಾನೇ."

"ಗೊತ್ತಾಯ್ತು," ಅಂದಳು ಆಕೆ. "ಅವ್ರಿಗೆ ಮಂಡಿ ನೋವು. ಕೂತ್ಕೊಳ್ಳೋಕೆ ಆಗ್ತಿರ್ಲಿಲ್ಲ, ನಿಂತಲ್ಲೇ ಬಗ್ಗಿ ಎಳೀತಿದ್ರು. ಗೆರೆ ವಾರೆ ಬರ್ತಿತ್ತು. ಇದು ನೆಟ್ಟಗಿದೆ."

ದಸ್ತಗೀರ್ ಗಡಬಡಿಸಿಕೊಂಡು ಏನೇನೋ ಹೇಳಿದ. ಬಂಪರು ಬಿಚ್ಚಿ ಶಿವಾಜಿನಗರಕ್ಕೆ ಒಯ್ದು ಹೊಸದಾಗಿ ಪ್ಲೇಟಿಂಗ್ ಮಾಡಿಸಿ ತರುತ್ತೇನೆ, ಬೇಡವೆಂದರೆ ಈಗಲೇ ಬಫ್ ಹಿಡಿದು ಈ ಗೆರೆಗಳನ್ನು ತೆಗೆಯುತ್ತೇನೆ, ಐದು ನಿಮಿಷ ಕೂತಿರಿ ಅಮ್ಮ, ಇವು ನಿಮ್ಮ ಕಣ್ಣಿಗೆ ಬೀಳಬಾರದು ಅಂದ. ಮೋಟಾರಿನ ಕಡೆಗೆ ಎರಡು ಹೆಜ್ಜೆಯನ್ನೂ ಇಟ್ಟ.

"ಬೇಡ," ಅಂದಳು ಕಲಾವತಿ. ದನಿ ಏರಲಿಲ್ಲ. "ಅವ್ರದ್ದು ಅಳಿಸಿದ್ರಿ. ನಿಮ್ದು ಅಳಿಸೋಕೆ ನಾನು ಬಿಡಲ್ಲ."

ವಿಭೂತಿಯ ಗಟ್ಟಿ ತೆಗೆದು ನೀರಲ್ಲಿ ತೇಯ್ದು ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ಎಳೆದಳು. ಬಂಪರಿನ ಹತ್ತಿರ ಹೋಗಲಿಲ್ಲ. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟಳು. ಸುರೇಶ್ ಗಾಡಿ ಮುಂದಕ್ಕೆ ತೆಗೆದ. ನಿಂಬೆಹಣ್ಣು ಪಟಪಟ ಒಡೆದವು. ಫಿಯೆಟ್ ತಿರುವಿನಲ್ಲಿ ಮರೆಯಾಗುವ ತನಕ ದಸ್ತಗೀರ್ ಪೊಟ್ಟಣ ಹಿಡಿದು ನಿಂತಿದ್ದ.

ಇನ್ನು ಆ ಹೆಂಗಸು ತನ್ನ ಮುಖ ನೋಡುವುದಿಲ್ಲ ಅಂದುಕೊಂಡಿದ್ದ. ಮುಂದಿನ ವರ್ಷ ಹಬ್ಬಕ್ಕೆ ಮೂರು ದಿನ ಇರುವಾಗ ಕೆನೆ ಬಣ್ಣದ ಫಿಯೆಟ್ ಬಂದು ಹೊಂಗೆ ಮರದ ಕೆಳಗೆ ನಿಂತಿತು. ಕಲಾವತಿ ಇಳಿದು, ಅದೇ ಜಾಗದಲ್ಲಿ ನಿಂತು, ಎಲ್ಲಾ ಕಡೆ ಉಜ್ಜಿ ಭಾಯ್, ಇದೊಂದನ್ನ ಮಾತ್ರ ಮುಟ್ಬೇಡಿ ಅಂದಳು. ಅದರ ಮುಂದಿನ ವರ್ಷವೂ ಅಂದಳು. ಕೋಪ ಇರಲಿಲ್ಲ ಅವಳ ಮಾತಿನಲ್ಲಿ. ಮನೆಯಲ್ಲಿ ಬೆಳಿಗ್ಗೆ ಅದರ ಮೇಲೆ ಕೈ ಇಡುತ್ತಾಳೋ ಇಲ್ಲವೋ ಅಂತ ಸುರೇಶನನ್ನು ಕೇಳಬೇಕು ಅನ್ನಿಸುತ್ತಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ.

ಬೆರಳು ವಾಸಿಯಾದವು. ಹೊಸ ಚರ್ಮ ಬಂತು, ಆದರೆ ಆ ಮೂರು ತುದಿಗಳಲ್ಲಿ ಬೆರಳಚ್ಚಿನ ಗೀಟುಗಳಿಲ್ಲದೆ ನುಣ್ಣಗಿತ್ತು. ಆ ಗಾಡಿಯ ಬಂಪರಿನಲ್ಲಿ ಅವನು ಗಡ್ಡ ಬಾಚಿಕೊಳ್ಳಲಿಲ್ಲ. ಹೊಳೆಯುವ ಕಡೆ ಮುಖ ತಿರುಗಿಸಿಯೇ ಉಜ್ಜುತ್ತಿದ್ದ. ಹಬ್ಬದ ವಾರ ಅಂಗಡಿಗೆ ಬಂದವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಆ ಗೆರೆಗಳೇ. ಏನ್ ಭಾಯ್ ಇದು ಅಂತ ಕೇಳಿದರೆ, ಅದು ಹೋಗಲ್ಲ ಸ್ವಾಮಿ ಅನ್ನುತ್ತಿದ್ದ. ದಸ್ತಗೀರನ ಕೈಗೂ ಹೋಗದ ಕಲೆ ಇದೆಯಂತೆ ಅಂತ ಮಾತು ಹಬ್ಬಿತು. ಮುನಿರತ್ನ ಅದನ್ನು ಪ್ರತಿ ವರ್ಷದ ಹಬ್ಬದ ತಮಾಷೆ ಮಾಡಿಕೊಂಡ. ದಸ್ತಗೀರ್ ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದ. ಕೈ ಸೋತಿತು ಅನ್ನಿಸಿಕೊಳ್ಳುವುದು ನಾಚಿಕೆಯೇ. ಆದರೆ ನಿಜ ಹೇಳುವುದು ಅದಕ್ಕಿಂತ ದೊಡ್ಡ ನಾಚಿಕೆ, ಹಾಗಾಗಿ ಸಣ್ಣದನ್ನು ಹೊದ್ದುಕೊಂಡು ದೊಡ್ಡದನ್ನು ಮುಚ್ಚಿಕೊಂಡಿದ್ದ.

ವರ್ಷಗಳು ಉರುಳಿದವು. ಹಳೇ ಗಾಡಿಗಳು ಒಂದೊಂದಾಗಿ ಗುಜರಿಗೆ ಹೋದವು. ದಸ್ತಗೀರನ ಗಡ್ಡ ಪೂರಾ ನರೆಯಿತು. ಎರಡು ಸಾವಿರದ ಹದಿನೆಂಟರ ಹಬ್ಬಕ್ಕೆ ಫಿಯೆಟ್ ಬಂದಾಗ ಕಲಾವತಿಗೂ ಮಂಡಿ ನೋವು ಶುರುವಾಗಿತ್ತು. ಗಾಡಿ ಒಯ್ಯುವ ದಿನ ಬಂದವಳು ನಿಲ್ಲಲಾರದೆ ಶೆಡ್ಡಿನೊಳಗೆ ಸ್ಟೂಲಿನ ಮೇಲೆ ಕೂತಿದ್ದಳು. ದಸ್ತಗೀರ್ ಹೆಡ್‌ಲೈಟಿನ ಬಳೆಗೆ ಕೊನೆಯ ಸಲ ಬಟ್ಟೆ ಹಿಡಿಯುತ್ತಿದ್ದ. ಆಗ ಮುನಿರತ್ನ ರಸ್ತೆ ದಾಟಿ ಬಂದ. ಒಳಗೆ ಕೂತವಳನ್ನು ಅವನು ನೋಡಲಿಲ್ಲ. ಒಂದು ಕೈಯಲ್ಲಿ ಬೆಳ್ಳಿ ಕಾಗದದ ಉಂಡೆ, ಇನ್ನೊಂದರಲ್ಲಿ ಕಲೆ ನೆನೆಸಲು ಕೋಲಾದ ಬಾಟಲಿ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ವಯಸ್ಸಾಯ್ತು ಬಿಡು ಭಾಯ್, ಈ ಸಲ ನಾನು ತೆಗೆದು ತೋರಿಸ್ತೀನಿ ಅಂತ ಬಂಪರಿನ ಮುಂದೆ ಕೂತು ಗೆರೆಯ ಮೇಲೆ ಕಾಗದ ಇಟ್ಟ.

ದಸ್ತಗೀರ್ ಅವನ ಮಣಿಕಟ್ಟು ಹಿಡಿದ. ಎಷ್ಟು ಗಟ್ಟಿಯಾಗಿ ಅಂದರೆ ಬಾಟಲಿ ಉರುಳಿ ಕೋಲಾ ಮಣ್ಣಿಗೆ ಹೋಯಿತು.

"ಮುಟ್ಬೇಡ ಕಣಪ್ಪ."

"ಯಾಕ್ ಭಾಯ್? ಯಾರ್ದು ಅದು?"

ದಸ್ತಗೀರ್ ಹಿಡಿದ ಕೈ ಬಿಡಲಿಲ್ಲ. ತನ್ನ ಬಲಗೈಯ ಮೂರು ಬೆರಳನ್ನು ತಂದು ಗೆರೆಗಳ ಮೇಲೆ ಇಟ್ಟ. ಮೂರೂ ಸರಿಯಾಗಿ ಕೂತವು.

"ನಂದು," ಅಂದ. "ಇಲ್ಲಿ ಒಬ್ರು ಸತ್ತೋದೋರ ಕೈ ಇತ್ತು. ಮುಟ್ಬೇಡಿ ಅಂತ ಅವ್ರ ಹೆಂಡ್ತಿ ಬಾಯ್ಬಿಟ್ಟು ಹೇಳಿದ್ರು. ನೀನು ಕೈ ಸೋತೋಯ್ತಾ ಅಂದೆ ಅಂತ ನಾನು ಅಳಿಸ್ದೆ. ಆಮೇಲೆ ಗೊತ್ತಾಗ್ಬಾರ್ದು ಅಂತ ಆಸಿಡ್ ಹಾಕಿ ನನ್ ಕೈ ಎಳೆದೆ. ಹೋಗಲ್ಲ ಅಂತ ಇಷ್ಟ್ ವರ್ಷ ನಿಂಗೆ ಹೇಳಿದ್ದು ಸುಳ್ಳು."

ಮುನಿರತ್ನನ ನಾಲಿಗೆಗೆ ಮೊದಲನೇ ಸಲ ಬ್ರೇಕ್ ಬಿತ್ತು. ಕಾಗದದ ಉಂಡೆಯನ್ನು ಜೇಬಿಗೆ ತುರುಕಿಕೊಂಡು, ಕೈ ಸೋತೋಯ್ತಾ ಅಂತ ನಾನೇ ಅಂದಿದ್ದೆ ಅಲ್ವಾ ಅಂತ ಮೆಲ್ಲಗೆ ಅಂದು ರಸ್ತೆ ದಾಟಿ ಹೋದ.

ದಸ್ತಗೀರ್ ಏಳಲು ನೋಡಿದ. ಹಿಂದೆ ಸ್ಟೂಲು ಸರಿದ ಸದ್ದಾಯಿತು. ಕಲಾವತಿ ಗೋಡೆ ಹಿಡಿದುಕೊಂಡು ಬಂದು ಗಾಡಿಗೆ ಒರಗಿ ನಿಂತಳು. ಅವಳು ಎಲ್ಲಾ ಕೇಳಿಸಿಕೊಂಡಿದ್ದಳು.

"ಬೇಕಿದ್ರೆ ಈಗ ಉಜ್ಜಿಬಿಡಿ ಭಾಯ್," ಅಂದಳು. "ಸಾಕು."

ದಸ್ತಗೀರ್ ಬಟ್ಟೆ ಎತ್ತಿಕೊಂಡ. ಬಂಪರಿಗೆ ಮುಖ ಕೊಟ್ಟು ಕೂತ. ಗೆರೆಗಳ ಈ ಕಡೆ ಅರ್ಧ, ಆ ಕಡೆ ಅರ್ಧ ಅವನ ಮುಖ ಕಂಡಿತು. ಇಷ್ಟು ವರ್ಷದಲ್ಲಿ ಅದನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಎಡತುದಿಯಿಂದ ಉಜ್ಜುತ್ತಾ ಬಂದ, ಗೆರೆಯ ಅಂಚಿಗೆ ಬಂದು ಕೈ ನಿಂತಿತು. ಬಟ್ಟೆ ಎತ್ತಿ, ಗೆರೆ ದಾಟಿಸಿ ಆ ಕಡೆಗಿಟ್ಟು ಬಲತುದಿಯ ತನಕ ಉಜ್ಜಿದ.

"ಇದೊಂದು ಇರ್ಲಿ ಅಮ್ಮ," ಅಂದ.